ಇಪ್ಪತ್ತೆರಡರಲ್ಲಿ ಹದಿನೈದು ತಿಂಗಳು

ಅಮೆರಿಕದ ಸೆರೆಮನೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಲೆ ಎಣಿಸುತ್ತಾರೆ. 1970ರ ದಶಕದ ಆರಂಭದಲ್ಲಿ ರಾಜ್ಯ ಮತ್ತು ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಸೆರೆಮನೆಗಳಲ್ಲಿ ಸುಮಾರು 2 ಲಕ್ಷ ಜನರಿದ್ದರು. 2009ರ ಹೊತ್ತಿಗೆ ಅವೇ ಸೆರೆಮನೆಗಳಲ್ಲಿ 16 ಲಕ್ಷ. ವಿಚಾರಣೆಗೆ ಕಾದಿರುವವರನ್ನು ಇಡುವ ಊರೂರಿನ ಜೈಲುಗಳನ್ನೂ ಸೇರಿಸಿದರೆ 23 ಲಕ್ಷದ ಆಸುಪಾಸು. ಹೆಂಗಸರ ಸಂಖ್ಯೆ ಇನ್ನೂ ಬೇಗ ಬೆಳೆಯಿತು. 1980ರಲ್ಲಿ ಎಲ್ಲ ಸೇರಿ 26,000 ಇದ್ದದ್ದು 2019ಕ್ಕೆ 2.2 ಲಕ್ಷ ದಾಟಿತು. ಇದನ್ನೇ ಅಲ್ಲಿ ಮಾಸ್ ಇನ್‌ಕಾರ್ಸರೇಶನ್ ಅನ್ನುತ್ತಾರೆ, ನಾವು ಸಾಮೂಹಿಕ ಸೆರೆವಾಸ ಅನ್ನಬಹುದು.

ಈ ಸೆರೆವಾಸದ ಎದುರು ನಲವತ್ತು ವರ್ಷ ಕೆಲಸ ಮಾಡಿದ ಸಿಸ್ಟರ್‌ಗಳು, ಅಂದರೆ ಕ್ರೈಸ್ತ ಸನ್ಯಾಸಿನಿಯರು, ಎಣಿಸಿದ್ದು ಬೇರೆಯದನ್ನು. ಅವರು ಎಣಿಸಿದ್ದು ತಿಂಗಳು ಮತ್ತು ಗಂಟೆ. ಒಳಗಿರುವ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹದಿನೆಂಟು ತುಂಬದ ಮಕ್ಕಳಿದ್ದಾರೆ. ತಾಯಿಯ ಶಿಕ್ಷೆಗೊಂದು ಕ್ಯಾಲೆಂಡರ್ ಇದ್ದರೆ ಮಗುವಿನ ಮೇಲೆ ಕಾನೂನು ಇನ್ನೊಂದು ಕ್ಯಾಲೆಂಡರ್ ಇಟ್ಟಿದೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ.

ಆ ಎರಡನೆಯ ಕ್ಯಾಲೆಂಡರ್ ಬಂದದ್ದು 1997ರಲ್ಲಿ, ‘ಅಡಾಪ್ಶನ್ ಅಂಡ್ ಸೇಫ್ ಫ್ಯಾಮಿಲೀಸ್’ ಎಂಬ ಫೆಡರಲ್ ಕಾಯ್ದೆಯಿಂದ. ಮಗು ಕಳೆದ 22 ತಿಂಗಳಲ್ಲಿ 15 ತಿಂಗಳು ಫಾಸ್ಟರ್ ಕೇರ್‌ನಲ್ಲಿ, ಅಂದರೆ ಸರ್ಕಾರ ಒಪ್ಪಿಸಿದ ಸಾಕುಮನೆಯಲ್ಲಿ ಇದ್ದರೆ, ತಂದೆತಾಯಿಯ ಹಕ್ಕನ್ನೇ ರದ್ದು ಮಾಡಬೇಕೆಂದು ರಾಜ್ಯ ಅರ್ಜಿ ಹಾಕಬೇಕು. ಕಾಯ್ದೆ ಮಾಡಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಮಕ್ಕಳು ಒಂದು ಮನೆಯಿಂದ ಇನ್ನೊಂದು ಮನೆಗೆ ವರ್ಷಗಟ್ಟಲೆ ಅಲೆಯುತ್ತಿದ್ದರು, ಅವರಿಗೊಂದು ಕಾಯಂ ಮನೆ ಬೇಗ ಸಿಗಲಿ ಎಂಬುದು ಆಸೆ. ಆದರೆ ಎರಡು ವರ್ಷ ಶಿಕ್ಷೆಯಾದ ತಾಯಿಗೆ ಇದರ ಅರ್ಥವೇನು? ಅವಳು ಶಿಕ್ಷೆ ಮುಗಿಸಿ ಹೊರಬರುವಾಗ ಕಾನೂನಿನ ಕಣ್ಣಿನಲ್ಲಿ ತಾಯಿಯೇ ಆಗಿರದಿರಬಹುದು. ಅವಳಿಗೆ ಆ ಶಿಕ್ಷೆಯನ್ನು ಯಾವ ನ್ಯಾಯಾಧೀಶರೂ ಬಾಯಿಬಿಟ್ಟು ವಿಧಿಸಿರುವುದಿಲ್ಲ.

ಲೆಕ್ಕ ಎಲ್ಲಿಂದ ಶುರು ಎಂಬುದನ್ನು ಸರಿಯಾಗಿ ತಿಳಿದಿರಬೇಕು, ಹೆಚ್ಚಿನ ತಾಯಂದಿರು ಎಡವುವುದು ಇಲ್ಲೇ. ಬಂಧನದ ದಿನದಿಂದಲ್ಲ, ಶಿಕ್ಷೆಯ ದಿನದಿಂದಲೂ ಅಲ್ಲ. ಮಗುವಿನ ಮೇಲೆ ದೌರ್ಜನ್ಯ ಅಥವಾ ನಿರ್ಲಕ್ಷ್ಯ ನಡೆದಿದೆ ಎಂದು ನ್ಯಾಯಾಲಯ ಹೇಳಿದ ದಿನ ಒಂದು, ಮಗುವನ್ನು ಮನೆಯಿಂದ ತೆಗೆದ 60ನೇ ದಿನ ಇನ್ನೊಂದು. ಎರಡರಲ್ಲಿ ಯಾವುದು ಮೊದಲೋ ಅಲ್ಲಿಂದ. ಆದ್ದರಿಂದ ವಿಚಾರಣೆಗೆಂದು ಊರಿನ ಜೈಲಿನಲ್ಲಿ ಕೂತಿದ್ದ ತಿಂಗಳುಗಳೂ ಇದರಲ್ಲಿ ಸೇರಿಹೋಗುತ್ತವೆ. ಅಜ್ಜಿಯೋ ಚಿಕ್ಕಮ್ಮನೋ ಮಗುವನ್ನು ಇಟ್ಟುಕೊಂಡಿದ್ದರೆ ರಾಜ್ಯ ಅರ್ಜಿ ಹಾಕದೆ ಇರಬಹುದು, ಕಾಯ್ದೆಯಲ್ಲೇ ಆ ಅವಕಾಶವಿದೆ. ಹಾಗಾಗಿ ತಾಯಿ ಬಂಧನವಾದ ಮೊದಲ ವಾರದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ವಕೀಲರದ್ದಲ್ಲ. ಮಗುವನ್ನು ಇಟ್ಟುಕೊಳ್ಳುವ ನೆಂಟರು ಯಾರಿದ್ದಾರೆ ಎಂಬುದು.

ನ್ಯೂಯಾರ್ಕ್ ರಾಜ್ಯದಲ್ಲಿ ಇನ್ನೊಂದು ಕತ್ತಿ ತೂಗುತ್ತಿರುತ್ತದೆ. ಆರು ತಿಂಗಳು ಮಗುವಿನೊಂದಿಗೂ ಸಾಕುಮನೆಯ ಸಂಸ್ಥೆಯೊಂದಿಗೂ ಸಂಪರ್ಕವಿಲ್ಲದಿದ್ದರೆ ಅದನ್ನು ‘ತೊರೆದದ್ದು’ ಎಂದು ಪರಿಗಣಿಸಬಹುದು. ಸೆರೆಮನೆಯಿಂದ ಬರೆದ ಪತ್ರ ದಾರಿಯಲ್ಲಿ ಕಳೆದುಹೋದರೆ, ಸಾಕುಮನೆಯವರು ಅದನ್ನು ಮಗುವಿಗೆ ಕೊಡದಿದ್ದರೆ, ಬರೆದದ್ದಕ್ಕೆ ಸಾಕ್ಷಿ ಎಲ್ಲಿದೆ? ಅದಕ್ಕೇ ಈ ಕೆಲಸ ಬಲ್ಲವರು ಒಳಗಿನ ತಾಯಂದಿರಿಗೆ ಮೊದಲು ಹೇಳಿಕೊಡುವುದು ಪ್ರಾರ್ಥನೆಯನ್ನಲ್ಲ, ದಫ್ತರ ಇಡುವುದನ್ನು. ಒಂದು ನೋಟ್‌ಬುಕ್. ಪ್ರತಿ ಪತ್ರದ ತಾರೀಕು, ಕೈಯಲ್ಲೇ ಬರೆದ ನಕಲು, ಮಾಡಿದ ಫೋನ್ ಕರೆ, ಎತ್ತದಿದ್ದ ಕರೆ, ಮಗುವಿನ ಪ್ರಕರಣ ನೋಡಿಕೊಳ್ಳುವ ಕೇಸ್‌ವರ್ಕರ್‌ಗೆ ಬರೆದ ಕಾಗದ, ಬಂದ ಉತ್ತರ. ಕುಟುಂಬ ನ್ಯಾಯಾಲಯದ ವಿಚಾರಣೆಯ ದಿನ ತಾಯಿಯನ್ನು ಸೆರೆಮನೆಯಿಂದ ಕರೆತರಲು ನ್ಯಾಯಾಧೀಶರ ಪ್ರತ್ಯೇಕ ಆದೇಶ ಬೇಕು. ಆದೇಶ ತಡವಾದರೆ, ಇಲ್ಲವೇ ಅವಳನ್ನು ಬೇರೆ ಸೆರೆಮನೆಗೆ ಸಾಗಿಸಿದ್ದರೆ, ವಿಚಾರಣೆ ಮುಂದಕ್ಕೆ ಹೋಗುತ್ತದೆ. ಹದಿನೈದು ತಿಂಗಳ ಲೆಕ್ಕ ಮಾತ್ರ ಮುಂದಕ್ಕೆ ಹೋಗುವುದಿಲ್ಲ, ಅದು ಓಡುತ್ತಲೇ ಇರುತ್ತದೆ. 2010ರಲ್ಲಿ ನ್ಯೂಯಾರ್ಕ್ ತನ್ನ ಕಾನೂನನ್ನು ಸ್ವಲ್ಪ ಸಡಿಲಿಸಿತು. ಮಗು ಇಷ್ಟು ಕಾಲ ಸಾಕುಮನೆಯಲ್ಲಿ ಉಳಿಯಲು ತಾಯಿ ಸೆರೆಯಲ್ಲಿರುವುದೇ ಮುಖ್ಯ ಕಾರಣವಾಗಿದ್ದು, ಅವಳು ಮಗುವಿನ ಬದುಕಿನಲ್ಲಿ ಅರ್ಥಪೂರ್ಣವಾಗಿ ಉಳಿದಿದ್ದರೆ, ಸಂಸ್ಥೆ ಅರ್ಜಿ ಹಾಕದೆ ಇರಬಹುದು. ‘ಅರ್ಥಪೂರ್ಣವಾಗಿ’ ಎಂಬುದನ್ನು ತೋರಿಸಲು ಮತ್ತೆ ಬೇಕಾಗುವುದು ಅದೇ ನೋಟ್‌ಬುಕ್.

ಶಿಕ್ಷೆ ಇಷ್ಟು ಉದ್ದವಾಗಿದ್ದೇಕೆ ಎಂದರೆ, ನ್ಯೂಯಾರ್ಕಿನ ಮಟ್ಟಿಗೆ ಉತ್ತರ 1973ರಲ್ಲಿದೆ. ಗವರ್ನರ್ ನೆಲ್ಸನ್ ರಾಕ್‌ಫೆಲ್ಲರ್ ತಂದ ಮಾದಕ ವಸ್ತು ಕಾನೂನುಗಳ ಪ್ರಕಾರ ಕೆಲವೇ ಔನ್ಸ್ ಸಿಕ್ಕಿಬಿದ್ದರೂ ಕನಿಷ್ಠ 15 ವರ್ಷ, ಗರಿಷ್ಠ ಜೀವಾವಧಿ. ಒಂದು ಔನ್ಸ್ ಅಂದರೆ 28 ಗ್ರಾಂ. 2004ರಲ್ಲಿ ಮತ್ತು 2009ರಲ್ಲಿ ಅವನ್ನು ತಿದ್ದುವ ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಬೆಳೆದು ದೊಡ್ಡವರಾಗಿದ್ದರು.

ಬೆಡ್‌ಫರ್ಡ್ ಹಿಲ್ಸ್‌ಗೆ ಬರೋಣ. ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 65 ಕಿ.ಮೀ. ದೂರದಲ್ಲಿರುವ, ಅತಿ ಬಿಗಿ ಕಾವಲಿನ ಹೆಂಗಸರ ಸೆರೆಮನೆ. 1901ರಿಂದ ಇಲ್ಲಿ ಕೂಸುಗಳ ವಿಭಾಗವೊಂದು ನಡೆದುಬಂದಿದೆ, ಆ ದೇಶದಲ್ಲಿ ಇದೇ ಅತ್ಯಂತ ಹಳೆಯದು. ಸೆರೆಯಲ್ಲಿರುವಾಗ ಹೆರಿಗೆಯಾದ ತಾಯಿ ಅನುಮತಿ ಸಿಕ್ಕಿದರೆ ಕೂಸನ್ನು ಒಂದು ವರ್ಷದವರೆಗೆ ತನ್ನೊಂದಿಗೇ ಇಟ್ಟುಕೊಳ್ಳಬಹುದು. ಅವಳ ಬಿಡುಗಡೆ ಹತ್ತಿರದಲ್ಲಿದ್ದರೆ 18 ತಿಂಗಳವರೆಗೆ. ಬಿಡುಗಡೆ ದೂರವಿದ್ದರೆ ಮೊದಲ ಹುಟ್ಟುಹಬ್ಬವೇ ಅಗಲಿಕೆಯ ದಿನ. ಆದ್ದರಿಂದ ಹೊರಗೆ ಕೂಸನ್ನು ಯಾರು ಸಾಕುತ್ತಾರೆ ಎಂಬುದು ಹೆರಿಗೆಗೆ ಮೊದಲೇ ಗೊತ್ತಾಗಿರಬೇಕು, ಆ ಕೈಗಳಿಗೆ ಕೂಸು ಮೊದಲೇ ಒಗ್ಗಿರಬೇಕು. ಹನ್ನೊಂದನೇ ತಿಂಗಳಲ್ಲಿ ಹುಡುಕಲು ಹೊರಟರೆ ಸಿಗುವುದು ಅಪರಿಚಿತರ ಮನೆ ಮಾತ್ರ.

ನಮ್ಮಲ್ಲಿ ಈ ಮಿತಿ ಆರು ವರ್ಷ. 2006ರ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಲ್ಲಿ ಒಂದು ಸೂಕ್ಷ್ಮವಿದೆ. ಜೈಲಿನಲ್ಲಿ ಹುಟ್ಟಿದ ಮಗುವಿನ ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ಸ್ಥಳ ಜೈಲು ಎಂದು ಬರೆಯಬಾರದು, ಆ ಬಡಾವಣೆಯ ವಿಳಾಸವಷ್ಟೇ ಇರಬೇಕು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 1,537 ತಾಯಂದಿರ ಜೊತೆ 1,764 ಮಕ್ಕಳಿದ್ದರು. ಆಗ ನಮ್ಮ ಕೈದಿಗಳಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ಮಂದಿ ವಿಚಾರಣಾಧೀನರಾಗಿದ್ದರು, ಅಪರಾಧ ಇನ್ನೂ ಸಾಬೀತಾಗದವರು. 1981ರಲ್ಲಿ ಕೇರಳದಲ್ಲಿ ಹುಟ್ಟಿ ಈಗ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಪ್ರಿಸನ್ ಮಿನಿಸ್ಟ್ರಿ ಇಂಡಿಯಾದ ಸಿಸ್ಟರ್‌ಗಳಿಗೆ ಈ ಎರಡೂ ಗೊತ್ತಿರುವ ಸಂಗತಿಗಳೇ. ಇಲ್ಲಿ ಜಾಮೀನು ಸಿಕ್ಕಿದ ಮೇಲೂ ಜನ ಒಳಗೇ ಉಳಿಯುವುದು ಶ್ಯೂರಿಟಿ ಇಲ್ಲದ್ದರಿಂದ, ಪಹಣಿ ಹಿಡಿದು ಕೋರ್ಟಿಗೆ ಬರುವ ಒಬ್ಬ ನೆಂಟ ಇಲ್ಲದ್ದರಿಂದ. ಜಾಮೀನು ಆದೇಶವಾಗಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯ ತಾನೇ ಷರತ್ತು ಸಡಿಲಿಸುವುದನ್ನು ಪರಿಗಣಿಸಬಹುದು ಎಂದು 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಹೇಳಿದೆ. ಒಳಗೆ ಹೋಗಿಬರುವ ಪ್ರತಿಯೊಬ್ಬ ಸ್ವಯಂಸೇವಕಿಗೂ ಈ ಏಳು ಮತ್ತು ಮೂವತ್ತು ಬಾಯಿಪಾಠ ಆಗಿರಬೇಕು.

ಬೆಡ್‌ಫರ್ಡ್ ಹಿಲ್ಸ್‌ನ ಕೂಸುಗಳ ವಿಭಾಗಕ್ಕೆ, ಮಕ್ಕಳ ಭೇಟಿಗೆ ಈಗಿನ ರೂಪ ಬಂದದ್ದು ಸಿಸ್ಟರ್ ಇಲೇನ್ ರೂಲೆ ಅವರಿಂದ. ಸಿಸ್ಟರ್ಸ್ ಆಫ್ ಸೇಂಟ್ ಜೋಸೆಫ್ ಸಭೆಯವರು. 1980ರ ಹೊತ್ತಿಗೆ ಅವರು ಸೆರೆಮನೆಯೊಳಗೇ ಮಕ್ಕಳ ಕೇಂದ್ರವೊಂದನ್ನು ಕಟ್ಟಿದರು. ಭೇಟಿಯ ಕೋಣೆಯ ಪಕ್ಕದಲ್ಲೇ ಆಟದ ಸಾಮಾನಿನ ಜಾಗ, ತಾಯಿ ಕಥೆ ಓದಿ ಧ್ವನಿಮುದ್ರಿಸಿ ಪುಸ್ತಕದ ಜೊತೆ ಮಗುವಿಗೆ ಕಳಿಸುವ ವ್ಯವಸ್ಥೆ. ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇಸಿಗೆಯ ಕಾರ್ಯಕ್ರಮ. ದೂರದ ಮಕ್ಕಳು ಒಂದು ವಾರ ಸೆರೆಮನೆಯ ಸುತ್ತಮುತ್ತಲ ಮನೆಗಳಲ್ಲಿ ಅತಿಥಿಗಳಾಗಿ ಉಳಿಯುತ್ತಾರೆ, ಹಗಲೆಲ್ಲ ತಾಯಿಯೊಂದಿಗೆ ಒಳಗೆ ಇರುತ್ತಾರೆ, ಸಂಜೆ ಆತಿಥೇಯರ ಮನೆಗೆ ಮರಳುತ್ತಾರೆ. ಒಂದು ಗಂಟೆಯ ಭೇಟಿಯಲ್ಲಿ ಮಗು ನೆಂಟರ ಮುಂದೆ ಕೂತ ಹಾಗೆ ಕೂತಿರುತ್ತದೆ. ಅದು ಹಟ ಮಾಡಿ ತಾಯಿ ಗದರುವುದು, ಆಮೇಲೆ ಇಬ್ಬರೂ ರಾಜಿಯಾಗುವುದು, ಇವು ಮೂರನೇ ದಿನದ ನಂತರ ಆಗುವ ಕೆಲಸಗಳು.

ಭೇಟಿ ಕೆಡುವುದು ಸಣ್ಣ ಸಣ್ಣ ಕಾರಣಗಳಿಂದ. ಮಗುವಿನ ಜನನ ಪತ್ರ ತಂದಿರುವುದಿಲ್ಲ. ಕರೆತಂದವರು ಪೋಷಕರಲ್ಲದಿದ್ದರೆ ಬೇಕಾದ ಒಪ್ಪಿಗೆ ಪತ್ರ ಇರುವುದಿಲ್ಲ. ಕರೆತಂದ ಹೆಂಗಸಿನ ಒಳಉಡುಪಿನ ತಂತಿಗೆ ಲೋಹಶೋಧಕ ಕೂಗಿಕೊಳ್ಳುತ್ತದೆ, ಗೇಟಿನಲ್ಲೇ ಅರ್ಧ ತಾಸು ಹೋಗುತ್ತದೆ. ಕೈದಿಗಳ ಎಣಿಕೆಯ ಸಮಯಕ್ಕೆ ಸರಿಯಾಗಿ ತಲುಪಿದರೆ ಎಣಿಕೆ ಮುಗಿಯುವವರೆಗೆ ಯಾರೂ ಅತ್ತಿತ್ತ ಅಲ್ಲಾಡುವಂತಿಲ್ಲ. ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಹಸಿದ ಮಗು ತಾಯಿಯನ್ನು ನೋಡುವ ಹೊತ್ತಿಗೆ ಅಳುತ್ತಿರುತ್ತದೆ. ಹೀಗಾಗಿ ಮಕ್ಕಳನ್ನು ಕರೆದೊಯ್ಯುವವರು ಹಿಂದಿನ ದಿನವೇ ಸೆರೆಮನೆಗೆ ಫೋನ್ ಮಾಡಿ ತಾಯಿ ಅಲ್ಲೇ ಇದ್ದಾಳೆಯೇ, ಭೇಟಿ ರದ್ದಾಗಿದೆಯೇ ಎಂದು ಕೇಳಬೇಕು, ಗೇಟಿನ ಹೊರಗೇ ಮಗುವಿನ ಹೊಟ್ಟೆ ತುಂಬಿಸಬೇಕು. ವಿದಾಯವನ್ನು ಮೊದಲೇ ಹೇಳಿಡಬೇಕು: ಇನ್ನು ಹತ್ತು ನಿಮಿಷ, ಇನ್ನು ಐದು ನಿಮಿಷ, ಮುಂದಿನ ಸಲ ಇಂಥ ದಿನ. ಕಾವಲುಗಾರರ ಕೂಗಿಗೆ ತಾಯಿ ಥಟ್ಟನೆ ಎದ್ದುಹೋದರೆ, ಮುಂದಿನ ಸಲ ಮಗು ಒಳಗೆ ಬಂದ ಕ್ಷಣದಿಂದಲೇ ಬಾಗಿಲನ್ನೇ ನೋಡುತ್ತಿರುತ್ತದೆ.

ಇಷ್ಟೆಲ್ಲ ಬೆಡ್‌ಫರ್ಡ್ ಹಿಲ್ಸ್‌ನಲ್ಲಿ ಸಾಧ್ಯ, ಅದು ನಗರಕ್ಕೆ ಹತ್ತಿರ. ನ್ಯೂಯಾರ್ಕಿನ ಹೆಂಗಸರ ಇನ್ನೊಂದು ದೊಡ್ಡ ಸೆರೆಮನೆ ಆಲ್ಬಿಯನ್ ಇರುವುದು ಪಶ್ಚಿಮದ ತುದಿಯಲ್ಲಿ, ನಗರದಿಂದ 550 ಕಿ.ಮೀ.ಗೂ ದೂರ. ಮೊದಲು ಕೈದಿಗಳ ಮನೆಯವರಿಗೆಂದು ರಾಜ್ಯವೇ ಉಚಿತ ಬಸ್ಸು ಬಿಡುತ್ತಿತ್ತು. 2011ರಲ್ಲಿ ಖರ್ಚು ಉಳಿಸಲು ಅದನ್ನು ನಿಲ್ಲಿಸಿದರು. ಹದಿನೈದು ತಿಂಗಳ ಲೆಕ್ಕವನ್ನು ಹಾಗೇ ಇಟ್ಟುಕೊಂಡು ಬಸ್ಸನ್ನು ಮಾತ್ರ ತೆಗೆದದ್ದು ಅನ್ಯಾಯ, ಬೇರೆ ಮಾತಿಲ್ಲ.

1980ರ ದಶಕದ ನಡುವೆ ಅದೇ ಸಭೆಯ ಸಿಸ್ಟರ್ ಟೆರೆಸಾ ಫಿಟ್ಜ್‌ಜೆರಾಲ್ಡ್, ಎಲ್ಲರ ಬಾಯಲ್ಲಿ ಸಿಸ್ಟರ್ ಟೆಸಾ, ನ್ಯೂಯಾರ್ಕ್ ನಗರದ ಕ್ವೀನ್ಸ್‌ನ ಲಾಂಗ್ ಐಲ್ಯಾಂಡ್ ಸಿಟಿಯಲ್ಲಿ ಸಂತ ರೀಟಾ ಕಾನ್ವೆಂಟಿನ ಖಾಲಿ ಕೋಣೆಗಳಿಗೆ ಸೆರೆಯಲ್ಲಿರುವ ತಾಯಂದಿರ ಮಕ್ಕಳನ್ನು ಕರೆತಂದರು. ಸಿಸ್ಟರ್‌ಗಳೇ ಸಾಕುತಾಯಂದಿರಾದರು. ಇದರಲ್ಲಿ ಕರುಣೆಯ ಜೊತೆ ಲೆಕ್ಕವೂ ಇತ್ತು. ಬೇರೆ ಸಾಕುಮನೆಯವರು ಮಗುವನ್ನು ತಪ್ಪದೆ ಸೆರೆಮನೆಗೆ ಕರೆದೊಯ್ಯುತ್ತಾರೆಂಬ ಭರವಸೆ ಇರಲಿಲ್ಲ, ಸಿಸ್ಟರ್‌ಗಳು ಕರೆದೊಯ್ಯುತ್ತಿದ್ದರು. ಆ ಕೆಲಸಕ್ಕೆ ಇಟ್ಟ ಹೆಸರು ‘ಅವರ್ ಚಿಲ್ಡ್ರನ್’. ಅವರ್ ಅಂದರೆ ನಮ್ಮ ಎಂದಲ್ಲ, ಗಂಟೆ: ತಾಯಿ ಬಂಧನವಾದ ಗಂಟೆ, ಭೇಟಿಗೆ ಸಿಕ್ಕಿದ ಗಂಟೆ, ಅವಳು ಹೊರಬಂದ ಗಂಟೆ. ಮಕ್ಕಳ ಬದುಕನ್ನು ಕಟ್ಟುವುದು ಈ ಮೂರು. ಆಮೇಲೆ ತಾಯಂದಿರೂ ಮಕ್ಕಳೊಂದಿಗೆ ಬಂದು ಇರುವ ಮನೆಗಳು, ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಹೋಗಲು ಡೇಕೇರ್, ಕೆಲಸ ಕಲಿಸುವ ತರಬೇತಿ, ಹಳೆ ಬಟ್ಟೆ ಸಾಮಾನಿನ ಅಂಗಡಿಗಳು ಒಂದೊಂದಾಗಿ ಸೇರಿಕೊಂಡವು. ಬೆಡ್‌ಫರ್ಡ್ ಹಿಲ್ಸ್‌ನ ಕೂಸುಗಳ ವಿಭಾಗದ ಹೊಣೆಯೂ ಇವರ ಕೈಗೆ ಬಂತು.

ಕನ್ನಡದಲ್ಲಿ ಇದಕ್ಕೆ ಒಂದೇ ಮಾತು ಸಾಕು: ತವರು. ಸೆರೆಮನೆಯಿಂದ ಬರುವ ಹೆಂಗಸಿಗೆ ಬೇಕಾದದ್ದು ಉಪದೇಶವಲ್ಲ, ಬಂದು ಕೂತು ಉಸಿರಾಡಿಕೊಳ್ಳುವ ಜಾಗ. ಆದರೆ ತವರಿನಲ್ಲಿಯೂ ಮೊದಲ ವಾರ ಮೈಮುರಿಯುವ ಕೆಲಸವಿರುತ್ತದೆ. ನ್ಯೂಯಾರ್ಕಿನಲ್ಲಿ ಹೊರಬರುವವರ ಕೈಗೆ ಇಡುತ್ತಿದ್ದ ಹಣ 40 ಡಾಲರ್, ಜೊತೆಗೆ ಬಸ್ ಟಿಕೆಟ್. ಪೆರೋಲ್ ಅಧಿಕಾರಿಯ, ಅಂದರೆ ಬಿಡುಗಡೆಯಾದವರ ಮೇಲೆ ನಿಗಾ ಇಡುವ ಅಧಿಕಾರಿಯ, ಮುಂದೆ 24 ಗಂಟೆಯೊಳಗೆ ಹಾಜರಾಗಬೇಕು. ಗುರುತಿನ ಚೀಟಿಗೆ ಜನನ ಪತ್ರ ಬೇಕು, ನಮ್ಮ ಆಧಾರ್‌ನಂಥ ಸಂಖ್ಯೆಯಿರುವ ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಬೇಕು, ಗುರುತಿನ ಚೀಟಿ ಇಲ್ಲದೆ ಬ್ಯಾಂಕ್ ಖಾತೆಯಿಲ್ಲ, ಸಂಬಳವಿಲ್ಲ. ಈ ಕಾಗದಗಳಿಗೆ ಬಿಡುಗಡೆಗೆ ಆರು ತಿಂಗಳ ಮೊದಲೇ ಒಳಗಿನಿಂದಲೇ ಅರ್ಜಿ ಹಾಕಿಸಿದವರು ಬುದ್ಧಿವಂತರು.

ಇನ್ನೊಂದು ಮಾತನ್ನು ಚರ್ಚುಗಳಲ್ಲಿ ಗಟ್ಟಿಯಾಗಿ ಹೇಳುವುದಿಲ್ಲ, ಹೇಳಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದವರನ್ನು ಹಿಂಬಾಲಿಸಿ ನೋಡಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಅಪಾಯ ಇತರರಿಗಿಂತ 12.7 ಪಟ್ಟು ಇತ್ತು. ಮುಖ್ಯ ಕಾರಣ ಮಾದಕ ವಸ್ತುವಿನ ಅತಿ ಸೇವನೆ. ಒಳಗಿದ್ದಾಗ ದೇಹದ ತಾಳಿಕೆ ಇಳಿದಿರುತ್ತದೆ, ಹೊರಬಂದವರು ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತಾರೆ. ಮನೆ ನಡೆಸುವವರ ಬಳಿ ನ್ಯಾಲೊಕ್ಸೋನ್, ಅಂದರೆ ಮೂಗಿಗೆ ಹೊಡೆಯುವ ಪ್ರತಿಮದ್ದು, ಬೀಗ ಹಾಕದ ಕಪಾಟಿನಲ್ಲಿ ಇರಬೇಕು. ಬಾಗಿಲಿಗೆ ಶಿಲುಬೆ ಹಾಕಿಯೂ ಈ ಮದ್ದನ್ನು ಇಡಲು ನಾಚುವ ಮನೆ ಆ ಹೆಂಗಸರಿಗೆ ಸುರಕ್ಷಿತವಲ್ಲ.

ಹಾಗೆಯೇ ಹಾಸಿಗೆಯನ್ನು ಪ್ರಾರ್ಥನೆಗೆ ಕಟ್ಟಬಾರದು. ಸತ್ಸಂಗಕ್ಕೆ ಬಂದವರಿಗೆ ಮಾತ್ರ ಕೋಣೆ ಎಂದರೆ, ನಂಬಿಕೆಯಿಲ್ಲದವಳು ನಂಬಿಕೆಯ ನಟನೆ ಮಾಡುತ್ತಾಳೆ. ಸುಳ್ಳು ಹೇಳಿ ಬದುಕುವುದನ್ನು ಸೆರೆಮನೆ ಅವಳಿಗೆ ಸಾಕಷ್ಟು ಕಲಿಸಿದೆ. ಧರ್ಮ ಈ ವಿಷಯದಲ್ಲಿ ತಗ್ಗಿ ನಡೆಯಲು ದೊಡ್ಡ ಕಾರಣವೇ ಇದೆ. ಅಮೆರಿಕದ ಸೆರೆಮನೆಯನ್ನು ಕಟ್ಟಿದ ಕೈಗಳಲ್ಲಿ ಭಕ್ತರ ಕೈಯೂ ಇತ್ತು. ಫಿಲಡೆಲ್ಫಿಯಾದಲ್ಲಿ 1829ರಲ್ಲಿ ತೆರೆದ ಈಸ್ಟರ್ನ್ ಸ್ಟೇಟ್ ಪೆನಿಟೆನ್ಶಿಯರಿಯ ಹೆಸರಲ್ಲೇ ಪಶ್ಚಾತ್ತಾಪವಿದೆ. ಕ್ವೇಕರ್ ಎಂಬ ಕ್ರೈಸ್ತ ಪಂಥದ ಒಳ್ಳೆಯ ಜನರ ಪ್ರಭಾವದಲ್ಲಿ ರೂಪುಗೊಂಡ ಅಲ್ಲಿ ಪ್ರತಿ ಕೈದಿಗೂ ಒಂಟಿ ಕೋಣೆ, ಒಂದು ಬೈಬಲ್, ಮೇಲಿನಿಂದ ಬೀಳುವ ಒಂದು ಕಿಂಡಿ ಬೆಳಕು. ಒಂಟಿಯಾಗಿದ್ದರೆ ಮನಸ್ಸು ದೇವರ ಕಡೆ ತಿರುಗುತ್ತದೆ ಎಂದುಕೊಂಡರು. ತಿರುಗಿದ್ದು ಹುಚ್ಚಿನ ಕಡೆಗೆ. ಅದೇ ಪಂಥದ ಇಂಗ್ಲೆಂಡಿನ ಎಲಿಜಬೆತ್ ಫ್ರೈ ಏಕಾಂತ ಸೆರೆಯನ್ನು ಒಪ್ಪಲಿಲ್ಲ. 1813ರಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಗೆ ಹೋಗಿ, ಮಕ್ಕಳೊಂದಿಗೆ ಕಿಕ್ಕಿರಿದಿದ್ದ ಸುಮಾರು 300 ಹೆಂಗಸರನ್ನು ಕಂಡರು. 1817ರಲ್ಲಿ ಅಲ್ಲೇ ಮಕ್ಕಳಿಗೆ ಶಾಲೆ, ಹೆಂಗಸರಿಗೆ ಹೊಲಿಗೆ ಶುರು ಮಾಡಿದರು. ನಿಯಮಗಳನ್ನು ಒಂದೊಂದಾಗಿ ಓದಿ ಕೈದಿಗಳ ಕೈ ಎತ್ತಿಸಿ ಒಪ್ಪಿಗೆ ಪಡೆದರು. ಇನ್ನೂರು ವರ್ಷವಾದರೂ ಈ ಕೈ ಎತ್ತಿಸುವ ಪದ್ಧತಿಗಿಂತ ಒಳ್ಳೆಯದನ್ನು ಯಾರೂ ಕಂಡುಹಿಡಿದಿಲ್ಲ.

ತಪ್ಪನ್ನು ಒಪ್ಪಿಕೊಂಡವರಲ್ಲಿ ಲೂಯಿಸಿಯಾನದ ಸಿಸ್ಟರ್ ಹೆಲೆನ್ ಪ್ರೆಜಾನ್ ಮುಖ್ಯರು. 1982ರಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಎಲ್ಮೋ ಪ್ಯಾಟ್ರಿಕ್ ಸೋನಿಯರ್‌ಗೆ ಪತ್ರ ಬರೆಯಲು ಒಪ್ಪಿದರು. 1984ರ ಏಪ್ರಿಲ್‌ನಲ್ಲಿ ಅವನನ್ನು ಕೊಂದಾಗ ಜೊತೆಗಿದ್ದರು. ಆದರೆ ಅವನ ಕೈಯಲ್ಲಿ ಸತ್ತ ಮಕ್ಕಳ ತಂದೆತಾಯಿಯ ಬಳಿಗೆ ಮೊದಲೇ ಹೋಗದಿದ್ದದ್ದು ತನ್ನ ಅಂಜುಬುರುಕುತನ ಎಂದು ಅವರೇ ಎಲ್ಲೆಡೆ ಹೇಳಿದ್ದಾರೆ. ಆಮೇಲೆ ನ್ಯೂ ಆರ್ಲಿಯನ್ಸ್‌ನಲ್ಲಿ ಕೊಲೆಯಾದವರ ಮನೆಯವರಿಗಾಗಿ ಒಂದು ಬಳಗ ಕಟ್ಟಲು ನಿಂತರು. ಸೆರೆಮನೆಗೆ ಹೋಗಲು ಹೊರಟವರು ಆ ಮನೆಗಳಿಗೂ ಹೋಗಲು ಸಿದ್ಧರಿರಬೇಕು. ಇಲ್ಲದಿದ್ದರೆ ಮೊದಲ ಸಭೆಯಲ್ಲೇ ಯಾರೋ ಎದ್ದು ಕೇಳುವ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ಹದಿನೈದು ತಿಂಗಳ ಆ ಲೆಕ್ಕ ಶುರುವೇ ಆಗದಂತೆ ನೋಡಿಕೊಳ್ಳುವುದು, ಅಂದರೆ ವಿಚಾರಣೆಗೆ ಮೊದಲೇ ಮನೆಗೆ ತರುವುದು. ಇಲ್ಲಿ ಚಿಕಾಗೋದಲ್ಲಿ ಮುಸ್ಲಿಂ ಮಹಿಳೆಯರು ಮಾಡಿದ ಕೆಲಸವನ್ನು ನೋಡಬೇಕು. 2018ರ ರಂಜಾನಿನಲ್ಲಿ ಶುರುವಾದ ‘ಬಿಲೀವರ್ಸ್ ಬೇಲ್ ಔಟ್’ ಎಂಬ ಜಾಮೀನು ನಿಧಿಯ ಹಿಂದೆ ಕೇಶಿಯಾ ಅಲಿ, ಸುಆದ್ ಅಬ್ದುಲ್ ಖಬೀರ್ ಅಂಥ ವಿದುಷಿಯರಿದ್ದರು. ಇಸ್ಲಾಮಿನಲ್ಲಿ ಉಳಿತಾಯದ ನೂರಕ್ಕೆ ಎರಡೂವರೆ ಪಾಲನ್ನು ಝಕಾತ್, ಅಂದರೆ ಕಡ್ಡಾಯ ದಾನ, ಎಂದು ಕೊಡಬೇಕು. ಅದು ಯಾರಿಗೆ ಸಲ್ಲಬೇಕೆಂದು ಕುರ್‌ಆನಿನ ತೌಬಾ ಅಧ್ಯಾಯದ 60ನೇ ವಚನ ಎಂಟು ಬಗೆ ಹೇಳುತ್ತದೆ. ಅದರಲ್ಲೊಂದು ‘ಫಿರ್ರಿಕಾಬ್’, ಕೊರಳುಗಳ ಬಿಡುಗಡೆಗೆ. ಹಿಂದೆ ಅದು ಗುಲಾಮರ, ಸೆರೆಯಾಳುಗಳ ಬಿಡುಗಡೆ. ಇಂದು ಹಣವಿಲ್ಲದ ಒಂದೇ ಕಾರಣಕ್ಕೆ ಜೈಲಿನಲ್ಲಿರುವವರ ಬಿಡುಗಡೆ ಏಕಲ್ಲ ಎಂದು ಇವರು ಕೇಳಿದರು.

ಲೆಕ್ಕ ಹೀಗಿತ್ತು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಜಾಮೀನು ದಲ್ಲಾಳಿಗೆ ಶೇ. 10 ಕೊಟ್ಟರೆ ಅವನು ಹೊಣೆ ಹೊರುತ್ತಾನೆ, ಆ ಹಣ ತಿರುಗಿ ಬರುವುದಿಲ್ಲ. ಚಿಕಾಗೋ ಇರುವ ಇಲಿನಾಯ್‌ನಲ್ಲಿ ದಲ್ಲಾಳಿಗಳಿಲ್ಲ, ಶೇ. 10ನ್ನು ನೇರ ನ್ಯಾಯಾಲಯಕ್ಕೇ ಕಟ್ಟಬೇಕಿತ್ತು. ಜಾಮೀನು 5,000 ಡಾಲರ್ ಎಂದರೆ ಕೈಯಿಂದ 500. ಆರೋಪಿ ಎಲ್ಲ ದಿನವೂ ಹಾಜರಾದರೆ ಪ್ರಕರಣ ಮುಗಿದ ಮೇಲೆ ಹಣದ ಬಹುಪಾಲು ನಿಧಿಗೆ ಮರಳುತ್ತಿತ್ತು, ಇನ್ನೊಬ್ಬರ ಬಿಡುಗಡೆಗೆ ಒದಗುತ್ತಿತ್ತು. ಆದರೆ ದಂಡ, ಕೋರ್ಟು ಖರ್ಚುಗಳನ್ನು ಅದರಿಂದಲೇ ಮುರಿದುಕೊಳ್ಳುವ ಅವಕಾಶವೂ ಇತ್ತು. ಸಮುದಾಯದ ನಿಧಿಗಳು ಕರಗುತ್ತಿದ್ದುದು ಹೀಗೆ. ಹಣ ಕಟ್ಟಿದ ಮೇಲೂ ಬಿಡುಗಡೆಗೆ ಹಲವು ಗಂಟೆ ಹಿಡಿಯುತ್ತದೆ, ನಡುರಾತ್ರಿ ಹೊರಬರುವವರನ್ನು ಕರೆತರಲು ಒಂದು ಕಾರು, ತುಂಬಿದ ಒಂದು ಫೋನ್, ಬೆಚ್ಚನೆಯ ಒಂದು ಕೋಟು ಸಿದ್ಧವಿರಬೇಕು. ಕೋರ್ಟಿನ ದಿನಗಳನ್ನು ನೆನಪಿಸುವ ಕೆಲಸ ಆಮೇಲಿನದು. ತಪ್ಪಿಸಿಕೊಳ್ಳಲೆಂದು ಗೈರಾಗುವವರು ಕಡಿಮೆ. ಮಗುವಿಗೆ ಜ್ವರ, ಬಸ್ಸು ತಪ್ಪಿತು, ಕೆಲಸದ ಪಾಳಿ ಬದಲಾಯಿತು, ಕಾರಣಗಳು ಇಂಥವೇ.

2023ರ ಸೆಪ್ಟೆಂಬರ್ 18ರಂದು ಇಲಿನಾಯ್ ಹಣದ ಜಾಮೀನನ್ನು ಪೂರ್ತಿ ತೆಗೆದುಹಾಕಿತು. ಹಾಗೆ ಮಾಡಿದ ಮೊದಲ ರಾಜ್ಯ ಅದು. ಉಳಿದದ್ದು ವಲಸೆ ಕಾನೂನಿನಡಿ ಬಂಧನದಲ್ಲಿರುವವರು, ಅವರು ಫೆಡರಲ್ ಸರ್ಕಾರದ ವಶದಲ್ಲಿ. ಅಲ್ಲಿ ಜಾಮೀನು ಕನಿಷ್ಠ 1,500 ಡಾಲರ್, ಶೇ. 10ರ ಸೌಲಭ್ಯವಿಲ್ಲ, ಪೂರ್ತಿ ಕಟ್ಟಬೇಕು, ಕಟ್ಟುವವರಿಗೆ ದೇಶದಲ್ಲಿ ಕಾನೂನುಬದ್ಧ ನೆಲೆ ಇರಬೇಕು. ಮೊದಲು ಹತ್ತು ಕೊರಳುಗಳಿಗೆ ಸಾಲುತ್ತಿದ್ದ ಝಕಾತ್ ಇಲ್ಲಿ ಒಂದಕ್ಕೆ ಸಾಲುತ್ತದೆ.